ಡಾಕ್ಟರ್ ಬರೆಯದೇ ಇದ್ದರೂ ಮಾಡಬೇಕಾದ ಕೆಲಸ

ನರ್ಸಿಂಗ್ ಓದುವಾಗ ಪರೀಕ್ಷೆಗೆ ಖಾಯಂ ಆಗಿ ಬರುವ ಪ್ರಶ್ನೆ ಇದು: ನರ್ಸಿಂಗ್ ಇಂಟರ್‌ವೆನ್ಷನ್‌ನಲ್ಲಿ, ಅಂದರೆ ರೋಗಿಗಾಗಿ ನರ್ಸ್ ಮಾಡುವ ಕೆಲಸದಲ್ಲಿ, ಎಷ್ಟು ವಿಧ? ಇಂಡಿಪೆಂಡೆಂಟ್, ಡಿಪೆಂಡೆಂಟ್, ಕೊಲಾಬರೇಟಿವ್ ಅಂತ ಮೂರು ಹೆಸರು ಬರೆದು ಉದಾಹರಣೆ ಕೊಟ್ಟರೆ ಮಾರ್ಕ್ಸ್ ಬಂತು. ನರ್ಸ್ ತಾನೇ ನಿರ್ಧರಿಸಿ ಮಾಡುವುದು ಮೊದಲನೆಯದು. ಡಾಕ್ಟರ್ ಆರ್ಡರ್ ಬೇಕಾದದ್ದು ಎರಡನೆಯದು. ಡಾಕ್ಟರ್, ಫಿಸಿಯೋ, ಡಯಟೀಷಿಯನ್ ಎಲ್ಲರ ಜೊತೆ ಸೇರಿ ಮಾಡುವುದು ಮೂರನೆಯದು. ಮೆಡಿಕಲ್ ವಾರ್ಡ್‌ಗೆ ಬಂದ ಮೇಲೆ ನನಗೆ ಗೊತ್ತಾಗಿದ್ದು ಏನೆಂದರೆ, ಈ ಮೂರರಲ್ಲಿ ಮೊದಲನೆಯದೇ ಜಾಸ್ತಿ ತಪ್ಪಿಹೋಗುತ್ತದೆ. ಕಾರಣ ಸರಳ. ಕೇಸ್ ಶೀಟ್‌ನಲ್ಲಿ ಅದನ್ನು ಯಾರೂ ಬರೆದಿರುವುದಿಲ್ಲ.

ಸ್ಟ್ರೋಕ್ ಆಗಿ ಒಂದು ಕಡೆ ಕೈಕಾಲು ಬಿದ್ದುಹೋದ ರೋಗಿ ಬಂದರು ಅನ್ನಿ. ಮಾತ್ರೆ, ಡ್ರಿಪ್, ಸ್ಕ್ಯಾನ್ ಎಲ್ಲ ಬರೆದಿರುತ್ತದೆ. ಅಷ್ಟರಲ್ಲಿ ಮನೆಯವರು ಲೋಟ ಹಿಡಿದು ಬರುತ್ತಾರೆ. "ಸಿಸ್ಟರ್, ಬೆಳಗ್ಗೆಯಿಂದ ಹೊಟ್ಟೆಗೇನೂ ಹೋಗಿಲ್ಲ. ಒಂಚೂರು ಗಂಜಿ ಕುಡಿಸ್ಲಾ?"

"ತಡೀರಿ ಅಮ್ಮ, ಮೊದಲು ನುಂಗೋಕೆ ಆಗುತ್ತಾ ನೋಡೋಣ."

ಈ ನೋಡುವ ಕೆಲಸವನ್ನು ಕಲಿತ ನರ್ಸೇ ಮಾಡಬಹುದು. ರೋಗಿಗೆ ಚೆನ್ನಾಗಿ ಎಚ್ಚರ ಇರಬೇಕು. ನೆಟ್ಟಗೆ ಕೂರಿಸಿ, ಟೀ ಚಮಚದಲ್ಲಿ ನೀರು ಕೊಡಬೇಕು. ಕೆಮ್ಮು ಬಂತಾ, ನೀರು ಬಾಯಿಂದ ಸೋರಿತಾ, ದನಿ ಗೊರಗೊರ ಆಯಿತಾ ಅಂತ ಗಮನಿಸಬೇಕು. ಇದರಲ್ಲಿ ಯಾವುದು ಕಂಡರೂ ಬಾಯಿಗೆ ಏನೂ ಕೊಡದೆ ಡಾಕ್ಟರ್‌ಗೆ ತಿಳಿಸುತ್ತೇವೆ. ಮಲಗಿಸಿಕೊಂಡೇ ಕುಡಿಸಿದ ಗಂಜಿ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು.

ನುಂಗಲು ಆಗದಿದ್ದರೆ ಆಮೇಲೆ ರೈಲ್ಸ್ ಟ್ಯೂಬ್, ಅಂದರೆ ಮೂಗಿನಿಂದ ಹೊಟ್ಟೆಗೆ ಇಳಿಸುವ ನಳಿಕೆ, ಹಾಕಲು ಆರ್ಡರ್ ಬರುತ್ತದೆ. ಇದು ಡಿಪೆಂಡೆಂಟ್. ಆದರೆ ಆರ್ಡರ್ ಇದೆ ಅಂತ ಕಣ್ಣು ಮುಚ್ಚಿ ಮಾಡುವಂತಿಲ್ಲ. ಟ್ಯೂಬು ಹೊಟ್ಟೆಗೇ ಇಳಿದಿದೆಯಾ ಅಂತ ತಿಳಿಯಲು ಅದಕ್ಕೆ ಗಾಳಿ ಬಿಟ್ಟು ಸ್ಟೆತಸ್ಕೋಪ್‌ನಲ್ಲಿ ಸದ್ದು ಕೇಳುವ ಹಳೇ ರೂಢಿಯನ್ನು ನಂಬಬೇಡಿ. ಟ್ಯೂಬಿನ ತುದಿ ಶ್ವಾಸಕೋಶದಲ್ಲಿದ್ದರೂ ಅಂಥದ್ದೇ ಸದ್ದು ಬರಬಹುದು. ಟ್ಯೂಬಿನಿಂದ ಎಳೆದ ದ್ರವದ ಪಿಎಚ್ (ಆಮ್ಲದ ಅಳತೆ) 5.5 ಅಥವಾ ಅದಕ್ಕಿಂತ ಕಡಿಮೆ ಇರಬೇಕು, ಇಲ್ಲವಾದರೆ ಎಕ್ಸ್‌ರೇ ನೋಡಬೇಕು. ಎಷ್ಟು ಫೀಡ್, ಯಾವ ಫೀಡ್ ಅಂತ ಹೇಳಲು ಡಯಟೀಷಿಯನ್ ಇದ್ದಾರೆ. ಫೀಡ್ ಕೊಡುವಾಗ ತಲೆ ಕಡೆ 30ರಿಂದ 45 ಡಿಗ್ರಿ ಎತ್ತಿರಬೇಕು, ಮುಗಿದ ಮೇಲೂ ಸ್ವಲ್ಪ ಹೊತ್ತು ಹಾಗೇ ಬಿಡಬೇಕು. ಇದನ್ನು ನೋಡಿಕೊಳ್ಳುವವರು ನಾವೇ. ಪುಸ್ತಕದಲ್ಲಿ ಮೂರು ಪುಟ ಹಿಡಿಯುವ ಮೂರು ವಿಧವೂ ಒಂದು ಊಟದಲ್ಲೇ ಬಂದುಹೋಯಿತು.

ಇನ್ನು ಬೆಡ್‌ಸೋರ್, ಅಂದರೆ ಒಂದೇ ಕಡೆ ಮಲಗಿ ಚರ್ಮ ಒತ್ತಿ ಆಗುವ ಹುಣ್ಣು. ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಅಂತ ಎಲ್ಲರಿಗೂ ಗೊತ್ತು. ಹೇಗೆ ಅನ್ನುವುದರಲ್ಲಿ ಎಡವುತ್ತಾರೆ. ಪೂರ್ತಿ ಪಕ್ಕಕ್ಕೆ ಮಲಗಿಸಿದರೆ ಸೊಂಟದ ಎಲುಬಿನ ಮೇಲೆ ಭಾರ ಬೀಳುತ್ತದೆ. ಬೆನ್ನಿಗೆ ದಿಂಬು ಕೊಟ್ಟು ಸುಮಾರು 30 ಡಿಗ್ರಿ ಓರೆ ಮಾಡಿದರೆ ಸಾಕು. ಮೀನಖಂಡದ ಕೆಳಗೆ ದಿಂಬು ಇಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಬಿಡಬೇಕು. ಬಿದ್ದ ಕೈಯನ್ನು ಹಿಡಿದು ಎಳೆಯಲೇಬಾರದು, ಭುಜ ಜಾರಬಹುದು. ಇದನ್ನು ನನಗೆ ಹೇಳಿಕೊಟ್ಟಿದ್ದು ಫಿಸಿಯೋದವರು.

ಮೆಡಿಕಲ್ ಶಾಪ್‌ನಿಂದ ಗಾಳಿ ತುಂಬುವ ರಿಂಗ್ ತಂದು ಕುಂಡೆ ಕೆಳಗೆ ಇಡುವವರು ಈಗಲೂ ಇದ್ದಾರೆ. ಬೇಡ. ರಿಂಗಿನ ಅಂಚು ಒತ್ತಿ ನಡುವಿನ ಚರ್ಮಕ್ಕೆ ರಕ್ತ ಸರಿಯಾಗಿ ಹೋಗುವುದಿಲ್ಲ. ಕೆಂಪಾದ ಜಾಗವನ್ನು ಉಜ್ಜುವುದೂ ಬೇಡ. ಅಂದಹಾಗೆ, ಬೆರಳಿಂದ ಒತ್ತಿದರೂ ಹೋಗದ ಕೆಂಪು ಬೆಡ್‌ಸೋರ್‌ನ ಮೊದಲ ಹಂತ ಅಂತ ಓದಿರುತ್ತೇವೆ. ನಮ್ಮ ಕಪ್ಪು ಚರ್ಮದಲ್ಲಿ ಆ ಕೆಂಪು ಎಲ್ಲಿ ಕಾಣುತ್ತದೆ? ಕೈಯಿಂದ ಮುಟ್ಟಿ ನೋಡಬೇಕು. ಸುತ್ತಲಿನ ಚರ್ಮಕ್ಕಿಂತ ಬಿಸಿ ಇದೆಯಾ, ಗಟ್ಟಿಯಾಗಿದೆಯಾ, ನೋಯುತ್ತದಾ ಅಂತ.

ಇದೆಲ್ಲ ಮಾಡಿಯೂ ನರ್ಸಸ್ ನೋಟ್ಸ್‌ನಲ್ಲಿ "ಆರ್ಡರ್ ಪ್ರಕಾರ ಔಷಧಿ ಕೊಡಲಾಗಿದೆ" ಅಂತ ಒಂದು ಸಾಲು ಬರೆದು ಮನೆಗೆ ಹೋದರೆ, ಮುಂದಿನ ಶಿಫ್ಟಿನವರಿಗೆ ಏನು ತಿಳಿಯಬೇಕು? ಇನ್ಸುಲಿನ್ ಎಷ್ಟು ಹೊತ್ತಿಗೆ ಕೊಟ್ಟಿದ್ದು ಅಂತ ಚಾರ್ಟ್ ಹೇಳುತ್ತದೆ. ಕೊನೆಗೆ ಯಾವ ಮಗ್ಗುಲಿಗೆ ಮಲಗಿಸಿದ್ದು ಅಂತ ಯಾರು ಹೇಳಬೇಕು? ನಾನು ಈಗ ಹೀಗೆ ಬರೆಯುತ್ತೇನೆ: "ಮಧ್ಯಾಹ್ನ 2 ಗಂಟೆ, ಬಲ ಮಗ್ಗುಲು, ಬೆನ್ನ ಕೆಳಗಿನ ಚರ್ಮ ಸರಿ ಇದೆ, ಎಡ ಹಿಮ್ಮಡಿ ಬಿಸಿ." ಬರೆಯಲು ಅರ್ಧ ನಿಮಿಷವೂ ಬೇಡ. ಮುಂದಿನ ಶಿಫ್ಟಿಗೆ ವಹಿಸಿಕೊಡುವ ಹ್ಯಾಂಡೋವರ್‌ನಲ್ಲಿ ಔಷಧಿಗಿಂತ ಮೊದಲು ಇದನ್ನೇ ಹೇಳುತ್ತೇನೆ. ಸೀನಿಯರ್ ಸಿಸ್ಟರ್ ಒಬ್ಬರಿಗೆ ಇದು ಸುಮ್ನೆ ಮಾತು ಎಳೆಯೋದು ಅನಿಸುತ್ತದೆ. ಅನಿಸಲಿ.

ರಾತ್ರಿ ಡ್ಯೂಟಿಯಲ್ಲಿ ಇಬ್ಬರೇ ಇದ್ದಾಗ ಎಲ್ಲರನ್ನೂ ಹೊತ್ತಿಗೆ ಸರಿಯಾಗಿ ತಿರುಗಿಸುವುದು ಕಷ್ಟ. ಅದಕ್ಕೇ ಹಗಲಲ್ಲೇ ಜೊತೆಗಿರುವ ಮನೆಯವರಿಗೆ ಕಲಿಸುತ್ತೇನೆ. ಹಾಗೆ ಕಲಿಸುವುದೂ ನಮ್ಮ ಇಂಟರ್‌ವೆನ್ಷನ್ನೇ, ಅದಕ್ಕೂ ಆರ್ಡರ್ ಬೇಕಿಲ್ಲ. ಬಾಯಲ್ಲಿ ಹೇಳಿದರೆ ತಲೆ ಆಡಿಸುತ್ತಾರೆ, ಅಷ್ಟೇ. ಒಮ್ಮೆ ನಾನು ಮಾಡಿ ತೋರಿಸಿ, ಮುಂದಿನ ಸಲ ಅವರ ಕೈಯಲ್ಲೇ ಮಾಡಿಸಿ, ದಿಂಬು ಎಲ್ಲಿಟ್ಟರು ಅಂತ ನೋಡಿದ ಮೇಲೆಯೇ "ಮನೆಯವರಿಗೆ ಕಲಿಸಲಾಗಿದೆ" ಅಂತ ಬರೆಯುತ್ತೇನೆ.