ಗಲ್ಲಾದಲ್ಲಿ ಎರಡು ಗಂಟೆ

ಮಗ ಹನ್ನೊಂದನೆಯ ತರಗತಿಗೆ ಸೇರಿದಾಗ, ಬೆಳಗಾದರೆ ದುಡ್ಡಿಗಾಗಿ ನಡೆಯುವ ಜಟಾಪಟಿ ಸಾಕಾಗಿ, ನನ್ನ ಖಾತೆಯಿಂದಲೇ ಪಾವತಿ ಮಾಡಲಿ ಎಂದು ಅವನನ್ನು ಯುಪಿಐ ಸರ್ಕಲ್‌ಗೆ ಸೇರಿಸಿದೆ. ತಿಂಗಳಿಗೆ 15,000 ರೂಪಾಯಿಯವರೆಗೆ ಬಿಡಬಹುದು. ನಾನು 3,000ಕ್ಕೆ ಕಟ್ಟಿಹಾಕಿದೆ.

ಮೊದಲು ಐವತ್ತು ರೂಪಾಯಿ ಬೇಕಾದರೂ ಅಡುಗೆಮನೆಗೆ ಬಂದು, ಕೊತ್ತಂಬರಿ ಸೊಪ್ಪು ಬಿಡಿಸುತ್ತಾ, ಗೆಳೆಯರ ಕಥೆಯೆಲ್ಲ ಹೇಳಿ, ಕೊನೆಗೆ ಮೆಲ್ಲನೆ ಕೇಳುತ್ತಿದ್ದ. ಈಗ ಕೇಳುವುದೂ ನಿಂತಿತು, ಕಥೆಯೂ ನಿಂತಿತು. ಒಂಬತ್ತನೆಯ ತಾರೀಖಿಗೆ ಬಾಗಿಲಲ್ಲೇ ನಿಂತು, "ಅಮ್ಮ, ಲಿಮಿಟ್ ಮುಗಿದಿದೆ, ಏರಿಸು" ಎನ್ನುತ್ತಾನೆ. ನಲ್ಲಿಯಲ್ಲಿ ನೀರು ಬರುತ್ತಿಲ್ಲವೆಂದು ದೂರುವ ಧಾಟಿ. ಮುಂಬಯಿಯ ಮುಲುಂಡ್ ನಿಲ್ದಾಣಕ್ಕೆ ನಮ್ಮ ಮನೆಯಿಂದ ಹತ್ತು ನಿಮಿಷದ ನಡಿಗೆ, ಅದಕ್ಕೂ ರಿಕ್ಷಾ. ಕನಿಷ್ಠ ದರ 26 ರೂಪಾಯಿ, ಹೋಗಿ ಬರಲು 52. ಲೆಕ್ಕ ಹೇಳಿದರೆ, "ನಮಗೇನು ಕಡಿಮೆ?"

ಕಡಿಮೆಯೇನೂ ಇಲ್ಲ. ಮಾವ ಕುಂದಾಪುರದಿಂದ ಬಂದು, ಹಗಲು ಪ್ಲೇಟು ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ತೂಕಡಿಸುತ್ತ ಓದಿ ಕಟ್ಟಿದ ಹೋಟೆಲು ಘಾಟ್‌ಕೋಪರಿನಲ್ಲಿ ಇನ್ನೂ ನಡೆಯುತ್ತಿದೆ. (ಈ ಕಥೆ ಶುರುವಾಗುವ ಸುಳಿವು ಸಿಕ್ಕರೆ ಸಾಕು, ಮಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುತ್ತಾನೆ.)

ಕಳೆದ ತಿಂಗಳು ಅದೇ ಹೋಟೆಲಿಗೆ ಗೆಳೆಯರನ್ನು ಕರೆದೊಯ್ದಿದ್ದ. ಬೈಂದೂರಿನ ಹುಡುಗ, ಹತ್ತೊಂಬತ್ತರವನು, ದೋಸೆ ತರುವುದು ತಡವಾಯಿತಂತೆ. "ನಿನಗೆ ಸಂಬಳ ಕೊಡುವವರು ನಾವು, ನೆನಪಿರಲಿ" ಎಂದುಬಿಟ್ಟ, ಎಲ್ಲರೆದುರು. ಗಲ್ಲಾದಲ್ಲಿದ್ದ ಯಜಮಾನರ ಕಿವಿಗೂ ಬಿತ್ತು.

ರಾತ್ರಿ ಅವರು ಹೇಳಿದಾಗ ನಾನು ಸಿಡಿದೆ. ಆಮೇಲೆ, ಮಲಗಿದಾಗ, ಆ ಮಾತು ಎಲ್ಲಿಯದೆಂದು ಹೊಳೆಯಿತು. ದೀಪಾವಳಿಗೆ ಎರಡು ದಿನ ರಜೆ ಕೇಳಿದ ಮನೆಕೆಲಸದ ಹೆಂಗಸಿಗೆ ನಾನೇ ಹೇಳಿದ್ದೆ, ಮರಾಠಿಯಲ್ಲಿ. ಮಗ ಅದನ್ನು ಕನ್ನಡಕ್ಕೆ ತಂದಿದ್ದ, ಅಷ್ಟೆ.

ದುಡ್ಡು ಹೇಗೆ ಬರುತ್ತದೆಂದು ನೋಡಲಿ ಎಂದು ಯಜಮಾನರು ಭಾನುವಾರ ಅವನನ್ನು ಗಲ್ಲಾದಲ್ಲಿ ಕೂರಿಸಿದರು. ಈಗ ನೋಟು ಕೊಡುವವರು ಯಾರು? ಬಂದವರೆಲ್ಲ ಸ್ಕ್ಯಾನ್ ಮಾಡಿ ನಡೆದರು. ಪಕ್ಕದ ಪುಟ್ಟ ಡಬ್ಬಿ ಹಿಂದಿಯಲ್ಲಿ ಮೊತ್ತ ಕೂಗುತ್ತಿತ್ತು. ಇವನಿಗೆ ಉಳಿದದ್ದು ಬಡೇಸೋಪಿನ ಬಟ್ಟಲು ಮುಂದೆ ತಳ್ಳುವ ಕೆಲಸ. ಯಾರೋ ಒಬ್ಬರು 500ರ ನೋಟು ಕೊಟ್ಟಾಗ ಚಿಲ್ಲರೆ ಲೆಕ್ಕ ತಪ್ಪಿತಂತೆ. ಬೈಂದೂರಿನ ಹುಡುಗನೇ ಬಂದು ಸರಿಮಾಡಿದನಂತೆ.

ಮನೆಗೆ ಬಂದವನು ಚಪ್ಪಲಿ ಬಿಡುವ ಮೊದಲೇ ಕೇಳಿದ: "ಎರಡು ಗಂಟೆ ಕೂತಿದ್ದೆನಲ್ಲ, ನನ್ನ ಸಂಬಳ ಎಷ್ಟು?"

ಯಜಮಾನರು ನನ್ನ ಮುಖ ನೋಡಿದರು.