ಸಂತ ತೆರೇಸಾರ ಆವಿಲಾಕ್ಕೆ ಪ್ರಾರ್ಥನೆಗೆಂದು ಹೋಗುವವರಿಗೆ

ಮ್ಯಾಡ್ರಿಡ್‌ನಿಂದ ಬೆಳಿಗ್ಗೆ ಬಂದು ಸಂಜೆ ಮರಳಿದರೆ ಸ್ಪೇನಿನ ಆವಿಲಾದ ಕೋಟೆ ನೋಡಿದಂತಾಗುತ್ತದೆ. ಹದಿನಾರನೆಯ ಶತಮಾನದ ಕ್ರೈಸ್ತ ಸಂನ್ಯಾಸಿನಿ ಸಂತ ತೆರೇಸಾ ಕಲಿಸಿದ ಮೌನ ಪ್ರಾರ್ಥನೆಯನ್ನು ಅವರ ಊರಲ್ಲೇ ಕೂತು ಮಾಡಬೇಕೆನ್ನುವವರು ಎರಡು ರಾತ್ರಿಯಾದರೂ ತಂಗಬೇಕು. ರೈಲಿಗೆ ಸುಮಾರು ಒಂದೂವರೆ ಗಂಟೆ. ಊರು 1,100 ಮೀಟರ್‌ಗೂ ಎತ್ತರದಲ್ಲಿದೆ, ಕಲ್ಲಿನ ಚರ್ಚುಗಳೊಳಗೆ ಥಂಡಿ. ಸ್ವೆಟರ್, ದಪ್ಪ ಕಾಲುಚೀಲ ಇಲ್ಲದಿದ್ದರೆ ಇಪ್ಪತ್ತು ನಿಮಿಷ ಅಲುಗದೆ ಕೂರಲಾಗದು. ಅಕ್ಟೋಬರ್ 15 ಅವರ ಹಬ್ಬ. ಮೌನ ಬೇಕಿದ್ದರೆ ಆ ವಾರ ಬೇಡ.

ತೆರೇಸಾ ಹುಟ್ಟಿದ ಮನೆಯ ಜಾಗದಲ್ಲಿರುವ ಚರ್ಚಿನಲ್ಲಿ ಜನ ಹೆಚ್ಚು, ಬೇಗ ಮುಗಿಸಿ. ಸಮಯ ಉಳಿಸಬೇಕಾದದ್ದು ಕೋಟೆಯಾಚೆ ಉತ್ತರಕ್ಕಿರುವ ಎನ್ಕಾರ್ನಾಸಿಯೋನ್ ಮಠಕ್ಕೆ. ತೆರೇಸಾ 1535ರಲ್ಲಿ ಸೇರಿದ್ದು ಇಲ್ಲಿಗೇ. ನೂರಕ್ಕೂ ಹೆಚ್ಚು ಸಂನ್ಯಾಸಿನಿಯರ ಗದ್ದಲದ ಮಠ ಅದು. 1562ರಲ್ಲಿ ಅವರು ಕಟ್ಟಿದ ಸಾನ್ ಹೊಸೆ ಮಠಕ್ಕೆ 13 ಮಂದಿ ಸಾಕೆಂದು ಏಕೆ ಹೇಳಿದರು, ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಮೌನ ಪ್ರಾರ್ಥನೆಯ ನಿಯಮ ಏಕೆ ತಂದರು ಎನ್ನುವುದು ಎರಡನ್ನೂ ನೋಡಿದ ಮೇಲೆ ಅರ್ಥವಾಗುತ್ತದೆ. ಮಧ್ಯಾಹ್ನ ಬಾಗಿಲು ಹಾಕುವುದು ಅಲ್ಲಿನ ರೂಢಿ, ವೇಳೆ ಮೊದಲೇ ವಿಚಾರಿಸಿಕೊಳ್ಳಿ. ಮ್ಯೂಸಿಯಂ ಕೋಣೆಗಳಲ್ಲಿ ಧ್ಯಾನಕ್ಕೆ ಕೂರಬೇಡಿ. ಅದಕ್ಕೆ ಚರ್ಚಿನ ಹಿಂದಿನ ಬೆಂಚು, ಪೂಜೆಯಿಲ್ಲದ ಹೊತ್ತು ಸರಿ.

ಕೂತ ಮೇಲೆ ಬೆನ್ನು ನೆಟ್ಟಗಿಟ್ಟು ಕಣ್ಣು ಮುಚ್ಚಿ. ಯಾರೊಂದಿಗೆ ಮಾತಾಡುತ್ತಿದ್ದೇನೆ ಎಂದು ಮೊದಲು ನೆನೆಯಿರಿ. ಯೇಸು ಕಲಿಸಿದ ಪ್ರಾರ್ಥನೆಯಿಂದ ‘ನಮ್ಮ ತಂದೆಯೇ’ ಎಂಬಷ್ಟನ್ನೇ ನಿಧಾನವಾಗಿ ಹೇಳಿ ನಿಲ್ಲಿ. ಮನಸ್ಸು ಅಲ್ಲೇ ನೆಲೆಸಿದರೆ ಮುಂದಿನ ಮಾತಿಗೆ ಹೋಗಬೇಕಿಲ್ಲ. ಗಂಟೆಗೆ ಒಂದೇ ಸಲ ಇಡೀ ಪ್ರಾರ್ಥನೆ ಮುಗಿದರೂ ಸಾಕೆನ್ನುತ್ತಾರೆ ತೆರೇಸಾ. ಹೆಚ್ಚಿನವರು ಎಡವುವುದು ಮನಸ್ಸನ್ನು ಬಲವಂತವಾಗಿ ಖಾಲಿ ಮಾಡಲು ಹೋಗಿ. ಹಾಗೆ ಮಾಡಿದಷ್ಟೂ ಯೋಚನೆ ಹೆಚ್ಚುತ್ತದೆ. ಯೋಚನೆ ಬಂದರೆ ಅದರೊಡನೆ ಜಗಳವಾಡದೆ ಆ ಮಾತಿಗೇ ಮರಳಿ. ಕೂರಲೇ ಆಗದ ದಿನ ಪುಸ್ತಕ ತೆರೆದು ನಾಲ್ಕು ಸಾಲು ಓದಿ. ತೆರೇಸಾ 18 ವರ್ಷ ಪುಸ್ತಕವಿಲ್ಲದೆ ಪ್ರಾರ್ಥನೆಗೆ ಕೂರಲು ಅಂಜುತ್ತಿದ್ದರು.

ಆಮೆ ಅಂಗಗಳನ್ನು ಒಳಗೆಳೆದುಕೊಳ್ಳುವ ಹೋಲಿಕೆ ನಮಗೆ ಗೀತೆಯಿಂದ ಪರಿಚಿತ. ತೆರೇಸಾ ಕೂಡ ಆಮೆಯನ್ನು ನೆನೆಯುತ್ತಾರೆ, ಆದರೆ ಆಮೆ ತನಗೆ ಬೇಕೆಂದಾಗ ಒಳಸರಿಯುತ್ತದೆ, ಪ್ರಾರ್ಥನೆಯಲ್ಲಿ ಮನಸ್ಸಿನ ಒಳಸರಿತ ದೇವರು ಕೊಟ್ಟಾಗ ಮಾತ್ರ ಎನ್ನುತ್ತಾರೆ. ಪ್ರಾರ್ಥನೆಯನ್ನು ತೋಟಕ್ಕೆ ನೀರುಣಿಸುವುದಕ್ಕೆ ಹೋಲಿಸಿ ಅವರು ಹೇಳುವ ನಾಲ್ಕು ಬಗೆಗಳೂ ಇದನ್ನೇ ಹೇಳುತ್ತವೆ: ಬಾವಿಯಿಂದ ಸೇದುವುದು, ರಾಟೆಯಿಂದ ಎತ್ತುವುದು, ಹೊಳೆಯ ನೀರು ಹಾಯಿಸುವುದು, ಕೊನೆಗೆ ಮಳೆ. ಕೈಯ ಶ್ರಮ ಕಡಿಮೆಯಾಗುತ್ತ ಹೋಗುತ್ತದೆ. ನಮ್ಮ ಪಾಲಿಗೆ ಬಂದಿರುವುದು ಬಹುಪಾಲು ಸೇದುವ ಕೆಲಸ, ಅದನ್ನು ಕೀಳೆಂದು ಎಣಿಸಬೇಡಿ.

ಮೂರನೆಯ ದಿನ ಸೆಗೋವಿಯಾಕ್ಕೆ. ತೆರೇಸಾರ ಜೊತೆಗಾರರಾಗಿದ್ದ ಶಿಲುಬೆಯ ಸಂತ ಯೋಹಾನರ ಸಮಾಧಿ ಅಲ್ಲಿನ ಕಾರ್ಮೆಲ್ ಮಠದಲ್ಲಿದೆ. ಕಾರ್ಮೆಲ್ ಎಂದರೆ ಇಬ್ಬರೂ ಸೇರಿದ್ದ ಸಂನ್ಯಾಸಿ ಸಂಘ. ಪ್ರಾರ್ಥನೆ ಒಣಗಿದಂತೆ ಅನಿಸಿದವರು ಯೋಹಾನರು ಹೇಳಿದ ಮೂರು ಗುರುತುಗಳನ್ನು ಅಲ್ಲಿ ಕೂತು ತಮ್ಮಲ್ಲೇ ಹುಡುಕಿಕೊಳ್ಳಲಿ. ಮನನದಲ್ಲಿ, ಅಂದರೆ ದೇವರ ವಿಷಯ ಯೋಚಿಸುತ್ತ ಕೂರುವುದರಲ್ಲಿ ರುಚಿಯಿಲ್ಲ, ಬೇರೆ ವಿಷಯಗಳಲ್ಲೂ ಮನಸ್ಸು ನೆಡಲು ಆಸೆಯಿಲ್ಲ, ಸುಮ್ಮನೆ ಪ್ರೀತಿಯಿಂದ ದೇವರೆದುರು ಇರಬೇಕೆನಿಸುತ್ತದೆ. ಮೂರೂ ಒಟ್ಟಿಗಿದ್ದರೆ ಮನನ ಬಿಟ್ಟು ಸುಮ್ಮನಿರಬಹುದು. ಎರಡನೆಯದು ಇಲ್ಲದಿದ್ದರೆ ಅದು ಬರೀ ಸಡಿಲತನವಿರಬಹುದು, ಮತ್ತೆ ಬಾವಿಗೇ ಹೋಗಿ. ಮಠ ಕೋಟೆಯ ಕೆಳಗಿನ ಕಣಿವೆಯಲ್ಲಿದೆ. ವಾಪಸು ಏರುದಾರಿ, ಬಸ್ಸಿಗೆ ಮುಂಚೆ ಒಂದು ಗಂಟೆ ಕೈಯಲ್ಲಿಟ್ಟುಕೊಂಡೇ ಏಳಿ.