ಅಯೋವಾದ ಕಮ್ಮಟದಲ್ಲಿ ಎರಡು ವರ್ಷ

ನಮ್ಮ ಕಾಲೇಜಿನಲ್ಲಿ ಸೃಜನಶೀಲ ಬರವಣಿಗೆಯ ಸ್ನಾತಕೋತ್ತರ ತರಗತಿಯನ್ನು ಆರಂಭಿಸುವ ಯೋಚನೆ ನಡೆದಿದೆಯೆಂದೂ, ಅಂಥ ತರಗತಿಯಲ್ಲಿ ಓದಿ ಬಂದ ಹಳೆಯ ವಿದ್ಯಾರ್ಥಿ ನಾನಾದ್ದರಿಂದ ನೆನಪುಗಳನ್ನು ಬರೆದುಕೊಡಬೇಕೆಂದೂ ಸಂಚಿಕೆಯ ಸಂಪಾದಕರು ಕೇಳಿದ್ದಾರೆ. ಇಲ್ಲಿನ ಬಿ.ಎ. ದಿನಗಳನ್ನು ಕುರಿತು ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ನಾನು 1997ರಿಂದ ಎರಡು ವರ್ಷ ಕಳೆದ ಅಯೋವಾ ವಿಶ್ವವಿದ್ಯಾಲಯದ ರೈಟರ್ಸ್ ವರ್ಕ್‌ಶಾಪನ್ನು ಕುರಿತು, ಅದರಲ್ಲೂ ಅಂದು ಅದರ ನಿರ್ದೇಶಕರಾಗಿದ್ದ ಫ್ರಾಂಕ್ ಕಾನ್ರಾಯ್ ಅವರನ್ನು ಕುರಿತು ಬರೆಯುತ್ತೇನೆ.

ಅಮೆರಿಕದ ಮಧ್ಯಪಶ್ಚಿಮದಲ್ಲಿ, ಕಣ್ಣು ಹಾಯಿಸಿದಷ್ಟೂ ಮುಸುಕಿನ ಜೋಳ ಬೆಳೆಯುವ ಬಯಲಿನ ನಡುವೆ ಅಯೋವಾ ಸಿಟಿ ಇದೆ. ಕಥೆ, ಕವಿತೆಗಳನ್ನೇ ಉನ್ನತ ಪದವಿಯ ಪ್ರಬಂಧವಾಗಿ ಒಪ್ಪಿಸಬಹುದೆಂದು ಅಲ್ಲಿನ ವಿಶ್ವವಿದ್ಯಾಲಯ 1922ರಷ್ಟು ಹಿಂದೆಯೇ ತೀರ್ಮಾನಿಸಿತ್ತು; ವರ್ಕ್‌ಶಾಪ್ ಎಂಬ ವ್ಯವಸ್ಥೆ 1936ರಲ್ಲಿ ವಿಲ್ಬರ್ ಶ್ರಾಮ್ ಅವರ ನೇತೃತ್ವದಲ್ಲಿ ಆರಂಭವಾಯಿತು. ಅದನ್ನು ಬೆಳೆಸಿದವರು 1941ರಿಂದ 1965ರವರೆಗೆ ನಡೆಸಿದ ಪಾಲ್ ಎಂಗಲ್. ಸ್ವತಃ ಕವಿಯಾಗಿದ್ದ ಅವರು ಉದ್ಯಮಿಗಳಿಗೆ ಪತ್ರ ಬರೆದು, ಬೆನ್ನು ಹತ್ತಿ, ವಿದ್ಯಾರ್ಥಿವೇತನಕ್ಕೆ ಹಣ ತರುತ್ತಿದ್ದರು. ಕಾರ್ಯಕ್ರಮವನ್ನು ಮುನ್ನಡೆಸುವುದೆಂದರೆ ಅರ್ಧಪಾಲು ಈ ಕೆಲಸವೇ ಎಂಬುದು ನಮ್ಮವರಿಗೆ ಇನ್ನೂ ಹೊಳೆದಿಲ್ಲ. ಅಮೆರಿಕದ ದಕ್ಷಿಣದ ಜಾರ್ಜಿಯಾ ಸೀಮೆಯಿಂದ ಓದಲು ಬಂದ, ಮುಂದೆ ಹೆಸರಾಂತ ಕಥೆಗಾರ್ತಿಯಾದ ಫ್ಲಾನರಿ ಓಕಾನರ್ ಅವರ ಉಚ್ಚಾರಣೆ ಒಂದಿಷ್ಟೂ ತಿಳಿಯದೆ, ಹೇಳುವುದನ್ನು ಕಾಗದದ ಮೇಲೆ ಬರೆದು ತೋರಿಸುವಂತೆ ಎಂಗಲ್ ಕೇಳಿಕೊಂಡರೆಂಬ ಪ್ರಸಂಗವನ್ನು ಅಲ್ಲಿ ಎಲ್ಲರೂ ಹೇಳುತ್ತಾರೆ. ತೀರ್ಥಹಳ್ಳಿಯ ಇಂಗ್ಲಿಷನ್ನು ಹೊತ್ತು ಹೋಗಿದ್ದ ನನಗೆ ಅದರಿಂದ ದೊರೆತ ಧೈರ್ಯ ಅಷ್ಟಿಷ್ಟಲ್ಲ. ಎಂಗಲ್ ಮತ್ತು ಹುಆಲಿಂಗ್ ನಿಯೆ 1967ರಲ್ಲಿ ಹೊರದೇಶಗಳ ಲೇಖಕರಿಗಾಗಿ ಬೇರೊಂದು ಕಾರ್ಯಕ್ರಮವನ್ನೂ ತೆರೆದರು. ನಮ್ಮ ಯು.ಆರ್. ಅನಂತಮೂರ್ತಿಯವರು ಇದೇ ವಿಶ್ವವಿದ್ಯಾಲಯದಲ್ಲಿ ಸಂದರ್ಶಕ ಪ್ರಾಧ್ಯಾಪಕರಾಗಿದ್ದರೆಂಬ ಸಂಗತಿಯೊಂದೇ ನನ್ನ ತಂದೆಯನ್ನು ಒಪ್ಪಿಸಲು ಸಾಕಾಯಿತು.

ಕಾನ್ರಾಯ್ ಹುಟ್ಟಿದ್ದೂ 1936ರಲ್ಲಿಯೇ. ಜಾಝ್ ಪಿಯಾನೊ ನುಡಿಸಿ ಹೊಟ್ಟೆ ಹೊರೆದ ಕಾಲವೂ ಅವರ ಬದುಕಿನಲ್ಲಿತ್ತು. 1967ರಲ್ಲಿ ಪ್ರಕಟವಾದ ಬಾಲ್ಯದ ಆತ್ಮಕಥೆಯಿಂದ ಹೆಸರು ಮಾಡಿದ ಅವರು ಆಮೇಲೆ ಬರೆದದ್ದು ಕಡಿಮೆ. 1987ರಿಂದ ನಿರ್ದೇಶಕರಾಗಿದ್ದ ಅವರ ಕಠಿಣತೆಯನ್ನು ಕುರಿತ ಕಥೆಗಳು ನಾವು ಕಾಲಿಡುವ ಮೊದಲೇ ನಮ್ಮನ್ನು ಮುಟ್ಟಿದ್ದವು. ಮೊದಲ ತರಗತಿಗಳಲ್ಲಿಯೇ ಅವರು ಹಲಗೆಯ ಮೇಲೆ ಒಂದು ಗೋಪುರವನ್ನು ಬರೆಯುತ್ತಿದ್ದರು. ಅದರ ತಳದಲ್ಲಿ ಅರ್ಥ, ತರ್ಕ, ಸ್ಪಷ್ಟತೆ. ಅದರ ಮೇಲೆ ದನಿ, ಧಾಟಿ, ಭಾವ. ಸಂಕೇತ, ರೂಪಕಗಳೆಲ್ಲ ತುದಿಯಲ್ಲೆಲ್ಲೋ. ತಳ ಗಟ್ಟಿಯಿಲ್ಲದಿದ್ದರೆ ಮೇಲಿನದನ್ನು ಮಾತನಾಡುವುದೇ ವ್ಯರ್ಥ ಎಂಬುದು ಅವರ ನಿಲುವು. ನವ್ಯದ ಗುಂಗಿನಲ್ಲಿ ಬೆಳೆದು, ಸಂಕೇತದಿಂದಲೇ ಕಥೆಯನ್ನು ಆರಂಭಿಸಬೇಕೆಂದು ನಂಬಿದ್ದ ನನಗೆ ಇದು ಮೊದಲಿಗೆ ಹೈಸ್ಕೂಲು ವ್ಯಾಕರಣದ ಮೇಷ್ಟರ ಮಾತಿನಂತೆ ಕೇಳಿಸಿತು. ಆದರೆ ಮೊದಲ ಪುಟದ ಒಂದು ವಾಕ್ಯವನ್ನು ಹಿಡಿದು, ಇದನ್ನು ಹೇಳುತ್ತಿರುವವರು ಯಾರು, ಬಾಗಿಲು ಎಲ್ಲಿದೆ, ಆಗ ಹಗಲೋ ರಾತ್ರಿಯೋ ಎಂದು ಅವರು ಕೇಳತೊಡಗಿದಾಗ, ಆ ಪುಟವನ್ನು ದಾಟುವಷ್ಟರಲ್ಲಿ ಅರ್ಧ ಗಂಟೆ ಕಳೆದು, ನನ್ನ ಕಥೆಯ ಅಜ್ಜಿ ಕೂತಿದ್ದು ಜಗಲಿಯ ಮೇಲೋ ಅಂಗಳದಲ್ಲೋ ನನಗೇ ಗೊತ್ತಿರಲಿಲ್ಲವೆಂಬುದು ಹನ್ನೆರಡು ಜನರ ಎದುರಿಗೆ ಬಯಲಾಗಿತ್ತು. ಚರ್ಚೆ ಮುಗಿಯುವವರೆಗೆ ಬರೆದವರು ಬಾಯಿ ಬಿಡಬಾರದೆಂಬುದು ಅಲ್ಲಿನ ರೂಢಿ. ಕೆಲವರು ಅತ್ತದ್ದೂ ಉಂಟು. ಅವರ ರೀತಿ ಎಲ್ಲರಿಗೂ ಒಗ್ಗಿತೆಂದು ನಾನು ಹೇಳಲಾರೆ. ಆದರೆ ಹರೆಯದ ಒಂದು ಕಥೆಯನ್ನು ಅಷ್ಟು ಗಂಭೀರವಾಗಿ ಓದಿದ ಇನ್ನೊಬ್ಬ ಹಿರಿಯರನ್ನು ನಾನು ಆಮೇಲೂ ಕಂಡಿಲ್ಲ.

ಅದೇ ಮನೆಯಲ್ಲಿ ಅವರಿಗೆ ತೀರ ವಿರುದ್ಧ ಸ್ವಭಾವದ ಜೇಮ್ಸ್ ಆಲನ್ ಮೆಕ್‌ಫರ್ಸನ್ ಇದ್ದರು. ಮನೆ ಎಂದದ್ದು ಸುಮ್ಮನೆ ಅಲ್ಲ, ನಾವು ಸೇರಿದ ವರ್ಷವೇ ವರ್ಕ್‌ಶಾಪ್ ಡೇ ಹೌಸ್ ಎಂಬ, 1857ರಲ್ಲಿ ಕಟ್ಟಿದ ನಿಜವಾದ ಮನೆಗೆ ಬಂದಿತ್ತು. ಸವಾನ್ನಾದ ಬಡ ಕುಟುಂಬದಲ್ಲಿ ಹುಟ್ಟಿ, ರೈಲಿನ ಊಟದ ಬೋಗಿಯಲ್ಲಿ ಮಾಣಿಯಾಗಿ ದುಡಿದು, ಹಾರ್ವರ್ಡಿನಲ್ಲಿ ಕಾನೂನು ಓದಿ, ವಕೀಲಿಯನ್ನು ಬಿಟ್ಟು ಕಥೆಗಳನ್ನು ಬರೆದು, 1978ರಲ್ಲಿ ಕಥಾಸಾಹಿತ್ಯಕ್ಕಾಗಿ ಪುಲಿಟ್ಜರ್ ಪಡೆದ ಮೊದಲ ಕಪ್ಪು ಲೇಖಕ ಅವರು. ಅವರ ಮಾತು ಎಷ್ಟು ಮೆಲ್ಲಗಿತ್ತೆಂದರೆ ಇಡೀ ತರಗತಿ ಮೇಜಿನ ಮೇಲೆ ಬಾಗಿರುತ್ತಿತ್ತು. ಕಥೆಯೊಂದು ಕೆಟ್ಟಿದ್ದರೆ ಅವರು ಅದರ ಲೋಪವನ್ನು ಎತ್ತದೆ, ಅದು ಯಾವ ಹಳೆಯ ಪುರಾಣದ, ಯಾವ ನ್ಯಾಯದ ಪ್ರಶ್ನೆಯ ಹತ್ತಿರ ಬಂದು ನಿಂತಿದೆ ಎಂಬುದನ್ನು ತೋರಿಸುತ್ತಿದ್ದರು. ಇಂಥ ಇಬ್ಬರೂ ಒಂದೇ ಸೂರಿನ ಕೆಳಗೆ ಪಾಠ ಹೇಳುತ್ತಿದ್ದುದೇ ಆ ಕಾರ್ಯಕ್ರಮದ ಶಕ್ತಿ. ತನ್ನ ಪಡಿಯಚ್ಚುಗಳನ್ನೇ ಸುತ್ತ ಕೂರಿಸಿಕೊಳ್ಳುವ ಮುಖ್ಯಸ್ಥರನ್ನು ಕಂಡಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಇನ್ನು ನಮ್ಮ ತುಂಟತನದ ವಿಷಯ. ಎರಡನೆಯ ವರ್ಷ ಸಂದರ್ಶಕರಾಗಿ ಬಂದಿದ್ದ ಲೇಖಕರೊಬ್ಬರ ತರಗತಿಯಲ್ಲಿ ನಾನು ಏನು ಕೊಟ್ಟರೂ ಸಹಪಾಠಿಗಳು ಅದರಲ್ಲಿ ಭಾರತದ ಮಣ್ಣಿನ ವಾಸನೆಯನ್ನು ಹುಡುಕಿ ಹೊಗಳುತ್ತಿದ್ದರು. ನೆಬ್ರಾಸ್ಕಾದ ರೈತನ ಮಗನೊಬ್ಬ ನನಗೆ ಆಪ್ತನಾಗಿದ್ದ. ಎಂಬತ್ತರ ದಶಕದ ಕೃಷಿ ಬಿಕ್ಕಟ್ಟಿನಲ್ಲಿ ಸಾಲಕ್ಕೆ ಜಮೀನು ಕಳೆದುಕೊಂಡ ತಂದೆಯೊಬ್ಬನನ್ನು ಕುರಿತು ಅವನು ಬರೆದ ಕಥೆಯಲ್ಲಿ ಜೋಳದ ಜಾಗದಲ್ಲಿ ಅಡಿಕೆಯನ್ನೂ, ಹ್ಯಾರಲ್ಡನ ಜಾಗದಲ್ಲಿ ಪುಟ್ಟಪ್ಪಯ್ಯನನ್ನೂ, ಬ್ಯಾಂಕಿನವನ ಜಾಗದಲ್ಲಿ ಮಂಡಿ ಸಾಹುಕಾರನನ್ನೂ ಇಟ್ಟು, ತೋಟದ ಮರಗಳ ಒತ್ತನ್ನು ಎರಡು ಸಾಲಿನಲ್ಲಿ ವರ್ಣಿಸಿ, ನನ್ನ ಹೆಸರಿನಲ್ಲಿ ಹಂಚಿದೆವು. ನಿರೀಕ್ಷಿಸಿದಂತೆಯೇ ಆಯಿತು. ಪೂರ್ವದೇಶದ ವಿಧಿವಾದ, ಕೂಡುಕುಟುಂಬದ ಮೌನ, ಎಲ್ಲವೂ ಅವರಿಗೆ ಕಂಡಿತು. ನೆಬ್ರಾಸ್ಕಾದವನು ಎದುರಿಗೆ ಕೂತು ನಗು ತಡೆಯಲಾರದೆ ಕೆಮ್ಮುತ್ತಿದ್ದ. ಕೊನೆಯಲ್ಲಿ ಆ ಸಂದರ್ಶಕರು ಒಂದೇ ಪ್ರಶ್ನೆ ಕೇಳಿದರು: ಎರಡನೆಯ ಪುಟದಲ್ಲಿ ಆಕಾಶವೇ ಕಾಣದಷ್ಟು ಒತ್ತಾಗಿರುವ ಮರಗಳ ನಡುವೆ ನಿಂತು, ಒಂಬತ್ತನೆಯ ಪುಟದಲ್ಲಿ ಈತ ಮೂರು ಮೈಲಿಯಾಚೆಯ ನೆರೆಮನೆಯ ದೀಪವನ್ನು ಹೇಗೆ ನೋಡಿದ? ಅಡಿಕೆ ತೋಟವನ್ನು ಕನಸಿನಲ್ಲೂ ಕಾಣದ ಮನುಷ್ಯ! ರೂಢಿಯಂತೆ ನಾನು ಬಾಯಿ ಬಿಡುವಂತಿರಲಿಲ್ಲ, ಅದೊಂದು ಪುಣ್ಯ. ಅವರು ಯಾರನ್ನೂ ವಿಚಾರಿಸಲಿಲ್ಲ. ಮುಂದಿನ ವಾರ ನಾವಿಬ್ಬರೂ ಅವರವರ ಮನೆಯ ಅಂಗಳದಿಂದ ಮುಸ್ಸಂಜೆಯಲ್ಲಿ ಎಷ್ಟು ದೂರ ಕಾಣುತ್ತದೆಂಬುದನ್ನು ಒಂದೊಂದು ಪುಟ ಬರೆದು ತರಬೇಕೆಂದು ಮಾತ್ರ ಹೇಳಿದರು. ನನ್ನ ಪುಟವೇ ಮುಂದೆ ಕನ್ನಡದಲ್ಲಿ ಬೆಳೆದು ನನ್ನ ಮೊದಲ ಸಂಕಲನದ ಶೀರ್ಷಿಕೆ ಕಥೆಯಾಯಿತು. ಅದು ಪದವಿ ತರಗತಿಯ ಪಠ್ಯವೂ ಆಗಿತ್ತೆಂಬುದನ್ನು ಸಂಕೋಚದಿಂದಲೇ ಸೇರಿಸುತ್ತೇನೆ.

ಪಠ್ಯಕ್ರಮವೇನಿತ್ತೆಂದು ಯಾರಾದರೂ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ವಾರಕ್ಕೆ ಎರಡೋ ಮೂರೋ ಕಥೆಗಳು, ಅವನ್ನು ಮೊದಲೇ ಓದಿ ಬಂದ ಹತ್ತಾರು ಜನ, ಉಳಿದಂತೆ ಬರೆಯಲು ಬಿಡುವು. ಕಥೆಗೂ ಕವಿತೆಗೂ ವರ್ಷಕ್ಕೆ ಇಪ್ಪತ್ತೈದರ ಆಸುಪಾಸಿನ ಮಂದಿಗಷ್ಟೇ ಪ್ರವೇಶ. ಕಳುಹಿಸಿದ ಹಸ್ತಪ್ರತಿಗಿದ್ದ ತೂಕ ಅಂಕಪಟ್ಟಿಗೆ ಇರಲಿಲ್ಲ. ನಮ್ಮ ಕಡೆಯ ಒಂದು ವಿಶ್ವವಿದ್ಯಾಲಯ ಈಚೆಗೆ ಇದೇ ವಿಷಯದ ಐಚ್ಛಿಕ ಪತ್ರಿಕೆಗೆ ಪ್ರಶ್ನೆಗಳನ್ನು ಸಿದ್ಧಪಡಿಸಲು ನನ್ನನ್ನು ಕರೆದಿತ್ತು. ತರಗತಿಯಲ್ಲಿ ನೂರಕ್ಕೂ ಹೆಚ್ಚು ಮಂದಿ, ಸಣ್ಣಕಥೆಯ ಲಕ್ಷಣಗಳನ್ನು ಕುರಿತು ಬಹು ಆಯ್ಕೆಯ ಪ್ರಶ್ನೆಗಳು, ಇಡೀ ವರ್ಷದಲ್ಲಿ ಯಾರೂ ಬರೆಯದ ಒಂದು ಕಥೆ. ಇದಕ್ಕಿಂತ ನಮ್ಮ ಮೂರು ದಿನದ ಕಥಾ ಕಮ್ಮಟಗಳೇ ಮೇಲು, ಉದ್ಘಾಟನೆ ಮತ್ತು ಸಮಾರೋಪಗಳು ಅದರಲ್ಲಿ ಒಂದೂವರೆ ದಿನವನ್ನು ನುಂಗದಿದ್ದರೆ.

ಕಾನ್ರಾಯ್ 2005ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಹದಿನೆಂಟು ವರ್ಷಗಳ ಹೊಣೆಯಲ್ಲಿ ಅವರ ಸ್ವಂತ ಬರವಣಿಗೆಗೆ ಎಷ್ಟು ಸಮಯ ಉಳಿದಿತ್ತೋ, ಅದರ ಲೆಕ್ಕವನ್ನು ನಮ್ಮಂಥವರು ಅಂದು ಕೇಳಲೇ ಇಲ್ಲ. ಅವರ ಬಳಿಕ ಲ್ಯಾನ್ ಸಮಂಥಾ ಚಾಂಗ್ ಆ ಸ್ಥಾನಕ್ಕೆ ಬಂದ ಮೊದಲ ಮಹಿಳೆಯಾದರು. ಮೆಕ್‌ಫರ್ಸನ್ 2016ರಲ್ಲಿ ಹೋದರು.

ನಮ್ಮ ಕಾಲೇಜಿನಲ್ಲಿ ತರಗತಿ ಆರಂಭವಾಗುವುದೇ ಆದರೆ ವಾರಕ್ಕೊಂದು ಮಧ್ಯಾಹ್ನ ಬಂದು ಕೂರಲು ನಾನು ಸಿದ್ಧನಿದ್ದೇನೆ, ಸಂಭಾವನೆಯ ಮಾತು ಬೇಡ. ಆದರೆ ಹನ್ನೆರಡಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರಬಾರದು, ಬಂದ ಅರ್ಜಿಗಳ ಕಥೆಗಳನ್ನು ಮುಖ್ಯಸ್ಥರೇ ಕೂತು ಓದಬೇಕು, ಮತ್ತು ನನ್ನ ಹೊರತಾಗಿ ನನ್ನ ಬರವಣಿಗೆ ಹಿಡಿಸದ ಒಬ್ಬರನ್ನಾದರೂ ಅಲ್ಲಿ ಪಾಠಕ್ಕೆ ನೇಮಿಸಬೇಕು. ಅಂಥವರು ನಮ್ಮ ಜಿಲ್ಲೆಯಲ್ಲಿಯೇ ಸಾಕಷ್ಟು ಮಂದಿ ಸಿಗುತ್ತಾರೆ.